ನೆರೆ ಬರುವ ಮೊದಲು ಬರೆಯಬೇಕಾದ ಅರ್ಜಿ

ನವೆಂಬರ್ ಬಂತೆಂದರೆ ನಮ್ಮ ಕಣಿವೆಯಲ್ಲಿ ಎಲ್ಲರ ಫೋನಿನಲ್ಲೂ ಒಂದೇ ಗ್ರಾಫ್. ಸೇತುವೆ ಹತ್ತಿರ ನದಿ ಎಷ್ಟು ಅಡಿ ಏರಿದೆ, ರಾತ್ರಿ ಇನ್ನೆಷ್ಟು ಏರುತ್ತದೆ ಅಂತ ತೋರಿಸುವ ಗ್ರಾಫ್. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಮಾತು ಇದು. ಚಳಿಗಾಲದಲ್ಲಿ ಪೆಸಿಫಿಕ್ ಸಾಗರದ ಕಡೆಯಿಂದ ಬೆಚ್ಚಗಿನ, ತೇವ ತುಂಬಿದ ಗಾಳಿ ಉದ್ದನೆಯ ಪಟ್ಟಿಯಾಗಿ ಬರುತ್ತದೆ. ಕ್ಯಾಸ್ಕೇಡ್ ಬೆಟ್ಟಗಳಿಗೆ ತಾಗಿ ಮೂರು ದಿನ ಬಿಡದೆ ಸುರಿಯುತ್ತದೆ. ಬೆಟ್ಟದ ಮೇಲೆ ಆಗತಾನೇ ಬಿದ್ದ ಹಿಮ ಇದ್ದರೆ ಅದೂ ಕರಗಿ ಜೊತೆಗೆ ಇಳಿಯುತ್ತದೆ. ಆಗ ನದಿ ತನ್ನ ಹಳೆಯ ಜಾಗ ಕೇಳುತ್ತದೆ.

ಇಲ್ಲಿನ ಒಂದು ಸಣ್ಣ ಊರಿನ ಯೋಜನಾ ಆಯೋಗದಲ್ಲಿ ನಾನೂ ಒಬ್ಬ ಸದಸ್ಯ. ಸಂಬಳವಿಲ್ಲದ ಕೆಲಸ, ತಿಂಗಳಿಗೊಂದು ಸಂಜೆ ಸಭೆ. ಎಲ್ಲಿ ಮನೆ ಕಟ್ಟಬಹುದು, ನದಿಯಿಂದ ಎಷ್ಟು ದೂರ ಬಿಡಬೇಕು, ಏರಿಯನ್ನು ಎತ್ತರಿಸಬೇಕೋ ಹಿಂದಕ್ಕೆ ಸರಿಸಬೇಕೋ ಅನ್ನುವ ಪ್ರಶ್ನೆಗಳು ಅಲ್ಲಿಗೆ ಬರುತ್ತವೆ. ಉತ್ತರ ಕೊಡಬೇಕಾದರೆ ಕೈಯಲ್ಲಿ ಒಂದು ಯೋಜನೆ ಬೇಕು. ಯೋಜನೆ ಮಾಡಿಸಲು ದುಡ್ಡು ಬೇಕು. ದುಡ್ಡು ರಾಜ್ಯದ ಹತ್ತಿರ ಇದೆ. ಅದನ್ನು ಕೇಳಲು ಅರ್ಜಿ ಬರೆಯಬೇಕು. ಇಷ್ಟು ವರ್ಷ ನೋಡಿದ ಮೇಲೆ ನನಗೆ ಅನ್ನಿಸುವುದು ಒಂದೇ: ನೆರೆಯ ವಿಷಯದಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನ ಕೆಲಸ ಯೋಜನೆ. ಆದರೆ ಅದರ ಅಗತ್ಯ ಯಾವ ಊರಿಗೆ ಜಾಸ್ತಿಯೋ, ಅರ್ಜಿ ಬರೆಯುವ ಶಕ್ತಿ ಆ ಊರಿಗೇ ಕಡಿಮೆ.

ಇದು ಬರೀ ನಮ್ಮೂರಿನ ಕಷ್ಟ ಅಲ್ಲ. ಇಡೀ ರಾಜ್ಯದಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನೋಡೋಣ.

ಮೊದಲು ಯೋಜನೆ ಯಾಕೆ ಬೇಕು ಅನ್ನುವುದು. ನೆರೆ ಬಂದಾಗ ಮರಳಿನ ಚೀಲ ತುಂಬುತ್ತೇವೆ, ಹೋದ ಮೇಲೆ ಕೆಸರು ಬಾಚುತ್ತೇವೆ. ಎರಡೂ ಕಣ್ಣಿಗೆ ಕಾಣುವ ಕೆಲಸ. ಯೋಜನೆ ಕಣ್ಣಿಗೆ ಕಾಣುವುದಿಲ್ಲ. ಅದೊಂದು ದಪ್ಪ ಪುಸ್ತಕ, ಜೊತೆಗೆ ಒಂದಷ್ಟು ನಕ್ಷೆ. ಹಾಗಾಗಿ ಊರಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು, "ಮತ್ತೊಂದು ಪುಸ್ತಕ ಯಾಕೆ? ಆ ದುಡ್ಡಲ್ಲಿ ನಾಲ್ಕು ಲೋಡ್ ಕಲ್ಲು ಹಾಕಿಸಿ" ಅನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನೀರು ಅವರ ಹಟ್ಟಿಯೊಳಗೆ ನುಗ್ಗಿದೆ.

ಆದರೆ ಕಲ್ಲು ಎಲ್ಲಿ ಹಾಕಬೇಕು? ಮೌಂಟ್ ರೇನಿಯರ್‌ನ ನೀರ್ಗಲ್ಲುಗಳಿಂದ ಹುಟ್ಟುವ ಪುಯಾಲಪ್ ನದಿಯನ್ನೇ ನೋಡಿ. ಬೆಟ್ಟದಿಂದ ಮರಳು, ಜಲ್ಲಿ, ಬಂಡೆ ಎಲ್ಲವನ್ನೂ ಹೊತ್ತು ತರುತ್ತದೆ. ಹಳಬರು ಎರಡೂ ಕಡೆ ಏರಿ ಕಟ್ಟಿ ನದಿಯನ್ನು ನೇರ ಮಾಡಿದರು. ಹರಡಲು ಜಾಗವಿಲ್ಲದ ಜಲ್ಲಿ ತಳದಲ್ಲೇ ಕೂತಿತು. ತಳ ಮೇಲಕ್ಕೆ ಬಂತು. ಏರಿಯ ಎತ್ತರ ಅಷ್ಟೇ ಇದ್ದರೂ ಒಳಗೆ ಹಿಡಿಸುವ ನೀರು ಕಡಿಮೆಯಾಯಿತು. ಇಂಥ ಕಡೆ ಏರಿಯ ಮೇಲೆ ಇನ್ನೊಂದು ಸಾಲು ಕಲ್ಲು ಪೇರಿಸಿದರೆ ಕೆಲವು ವರ್ಷ ನೆಮ್ಮದಿ, ಆಮೇಲೆ ಮತ್ತದೇ ಕಥೆ. ಅದೇ ನದಿಯ ದಂಡೆಯ ಆರ್ಟಿಂಗ್ ಅನ್ನುವ ಊರು ಬೇರೆ ದಾರಿ ಹಿಡಿಯಿತು. ಕ್ಯಾಲಿಸ್ಟೋಗ ರಸ್ತೆಯ ಹತ್ತಿರದ ಏರಿಯನ್ನು ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಟ್ಟಿತು. 2014ರಲ್ಲಿ ಕೆಲಸ ಮುಗಿಯಿತು. ಅದೇ ಚಳಿಗಾಲ ನದಿ ಜೋರಾಗಿ ಬಂದಾಗ ಊರು ಉಳಿಯಿತು. ಹಿಂದಕ್ಕೆ ಸರಿಸಬೇಕು, ಇಷ್ಟು ದೂರ ಸರಿಸಬೇಕು, ಯಾರ ಜಮೀನು ಕೊಳ್ಳಬೇಕು ಅನ್ನುವುದನ್ನು ಹೇಳಿದ್ದು ಕಲ್ಲಲ್ಲ, ಅದಕ್ಕೂ ಮೊದಲಿನ ವರ್ಷಗಳ ಲೆಕ್ಕ ಮತ್ತು ಮಾತುಕತೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ನಕ್ಷೆಯಲ್ಲಿ 'ನೂರು ವರ್ಷದ ನೆರೆ' ಅಂತ ಗೆರೆ ಎಳೆದಿರುತ್ತಾರೆ. 2009ರಲ್ಲಿ ಬಂದಿತ್ತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಅಂದುಕೊಳ್ಳುತ್ತಾರೆ ಜನ. ಆ ಮಾತಿನ ಅರ್ಥ ಅದಲ್ಲ. ಪ್ರತಿ ವರ್ಷವೂ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ನೂರರಲ್ಲಿ ಒಂದು ಅಂತ. ಹೋದ ವರ್ಷ ಬಂದಿದ್ದರೂ ಈ ವರ್ಷ ಲೆಕ್ಕ ಹೊಸದಾಗಿ ಶುರು. 30 ವರ್ಷದ ಗೃಹಸಾಲ ತೀರಿಸುವಷ್ಟರಲ್ಲಿ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ಸುಮಾರು 26 ಪ್ರತಿಶತ. ನಾಲ್ಕು ಮನೆಯಲ್ಲಿ ಒಂದು ಮನೆ. ಸಭೆಯಲ್ಲಿ ಈ ಲೆಕ್ಕ ಹೇಳಿದಾಗ ಮಾತು ನಿಂತು ಹೋಗುವುದನ್ನು ನಾನು ನೋಡಿದ್ದೇನೆ.

ದಂಡೆ ಎಲ್ಲಿ ಶುರುವಾಗುತ್ತದೆ?

ವಾಷಿಂಗ್ಟನ್‌ನಲ್ಲಿ ನದಿ ಬಯಲು, ಅಂದರೆ ನೆರೆ ಬಂದಾಗ ನೀರು ಹರಡುವ ಜಾಗ, ಮತ್ತು ದಂಡೆ ಎರಡನ್ನೂ ಒಟ್ಟಿಗೆ ನೋಡಲೇಬೇಕು. ಕಾರಣ 1971ರ ದಂಡೆ ನಿರ್ವಹಣಾ ಕಾಯ್ದೆ. ಶಾಸನಸಭೆ ಪಾಸು ಮಾಡಿತು, 1972ರಲ್ಲಿ ಜನ ಮತ ಹಾಕಿ ಒಪ್ಪಿದರು. ಸಮುದ್ರದ ದಂಡೆ ಪೂರ್ತಿ ಇದರ ಕೆಳಗೆ ಬರುತ್ತದೆ. 20 ಎಕರೆ ಮತ್ತು ಅದಕ್ಕಿಂತ ದೊಡ್ಡ ಕೆರೆಗಳು ಬರುತ್ತವೆ. ವರ್ಷದ ಸರಾಸರಿ ಹರಿವು 20 ಕ್ಯೂಸೆಕ್ಸ್‌ಗಿಂತ ಜಾಸ್ತಿ ಇರುವ ಹೊಳೆ, ನದಿಗಳೂ ಬರುತ್ತವೆ. ನೀರಿನ ಸಾಮಾನ್ಯ ಎತ್ತರದ ಗುರುತಿನಿಂದ ಒಳಕ್ಕೆ 200 ಅಡಿ ಜಾಗ, ಜೊತೆಗೆ ಅದಕ್ಕೆ ಹೊಂದಿಕೊಂಡ ಜೌಗು ನೆಲ ಕಾಯ್ದೆಯ ಲೆಕ್ಕಕ್ಕೆ ಸೇರುತ್ತದೆ. ರಾಜ್ಯದ 260ಕ್ಕೂ ಹೆಚ್ಚು ಊರು ಮತ್ತು ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಇದರ ಪ್ರಕಾರ ತಮ್ಮದೇ ದಂಡೆ ಯೋಜನೆ ಇಟ್ಟುಕೊಳ್ಳಬೇಕು. ಬರೆಯುವುದು ಊರು, ಒಪ್ಪಿಗೆ ಕೊಡುವುದು ರಾಜ್ಯದ ಪರಿಸರ ಇಲಾಖೆ. ಇಲ್ಲಿನವರು ಬಾಯಲ್ಲಿ ಬರೀ 'ಇಕಾಲಜಿ' ಅನ್ನುತ್ತಾರೆ. ಯೋಜನೆಯನ್ನು ಮೊದಲು 8 ವರ್ಷಕ್ಕೊಮ್ಮೆ ತಿರುಗಿ ನೋಡಬೇಕಿತ್ತು. 2022ರಲ್ಲಿ ಅದನ್ನು 10 ವರ್ಷ ಮಾಡಿದರು.

ಆ 'ನೀರಿನ ಸಾಮಾನ್ಯ ಎತ್ತರದ ಗುರುತು' ಅನ್ನುವುದು ಕಾಗದದ ಮೇಲೆ ಸುಲಭವಾಗಿ ಕಾಣುತ್ತದೆ. ಒಂದು ಬೆಳಿಗ್ಗೆ ಅದನ್ನು ಹುಡುಕಲು ಹೋದವರ ಜೊತೆ ನಾನೂ ಹೋಗಿದ್ದೆ. ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಗುಲಾಬಿ ಬಣ್ಣದ ಸಣ್ಣ ಧ್ವಜಗಳ ಕಟ್ಟು. ತಂತಿಯ ಕಾಲಿನ ಧ್ವಜಗಳು ಅವು, ನೆಲಕ್ಕೆ ಚುಚ್ಚುವಂಥವು. ಬಂದಿದ್ದ ತಜ್ಞೆ ನೀರನ್ನು ನೋಡಲೇ ಇಲ್ಲ, ಗಿಡ ನೋಡಿದರು. ಕೆಳಗೆ ಬರಿಯ ಜಲ್ಲಿ. ಸ್ವಲ್ಪ ಮೇಲೆ ಒಂದೇ ಕಡೆಗೆ ಬಾಗಿದ ಎಳೆಯ ವಿಲ್ಲೋ ಗಿಡಗಳು. ಇನ್ನೂ ಮೇಲೆ ಜರೀಗಿಡ. ಜರೀಗಿಡಕ್ಕೆ ಪದೇ ಪದೇ ಬೇರು ಮುಳುಗಿದರೆ ಆಗುವುದಿಲ್ಲವಂತೆ. ಅದಕ್ಕೂ ವಿಲ್ಲೋಗೂ ನಡುವೆ ಎಲ್ಲೋ ಗುರುತು ಇರಬೇಕು. ಒಂದು ಕಾಟನ್‌ವುಡ್ ಮರದ ಕಾಂಡದ ಮೇಲೆ ಕೈಯಿಟ್ಟು, "ಇಲ್ಲಿಂದ ಕೆಳಗೆ ಪಾಚಿ ಇಲ್ಲ ನೋಡಿ" ಅಂದರು. ಬಗ್ಗಿ ನೋಡಿದೆ. ನಿಜವಾಗಿಯೂ ಗೆರೆ ಎಳೆದ ಹಾಗೆ ಪಾಚಿ ನಿಂತಿತ್ತು. ಅಲ್ಲೊಂದು ಧ್ವಜ ಚುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ನಾವು ನಡೆದದ್ದು ಹೆಚ್ಚೆಂದರೆ ಮುನ್ನೂರು ಗಜ.

ಆ ಧ್ವಜಗಳ ಸಾಲಿನ ಮೇಲೆ ಒಂದು ಕುಟುಂಬ ಮನೆಗೆ ಕೋಣೆ ಸೇರಿಸಬಹುದೋ ಇಲ್ಲವೋ ಅನ್ನುವುದು ನಿಂತಿರುತ್ತದೆ. ಒಂದು ಊರಿಗೆ ಇಂಥ ದಂಡೆ ಹತ್ತಾರು ಮೈಲಿ ಇರಬಹುದು. ಜೊತೆಗೆ ನದಿ ಪಕ್ಕಕ್ಕೆ ಎಷ್ಟು ಹೊರಳಬಹುದು ಅನ್ನುವ ನಕ್ಷೆ, ಸಾಲ್ಮನ್ ಮೀನು ಮೊಟ್ಟೆಯಿಡುವ ಜಾಗಗಳ ನಕ್ಷೆ, ನೀರು ಏರಿದಾಗ ಮುಳುಗುವ ರಸ್ತೆಗಳ ಪಟ್ಟಿ. ಯೋಜನೆಗೆ ದುಡ್ಡು ಎಲ್ಲಿ ಖರ್ಚಾಗುತ್ತದೆ ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ. ಪುಸ್ತಕ ಮುದ್ರಿಸಲು ಅಲ್ಲ, ಹೀಗೆ ಬೂಟು ಹಾಕಿಕೊಂಡು ನಡೆಯಲು.

ಸಮುದ್ರದ ಕಡೆ ಕೆಲಸ ಇನ್ನೂ ಕಷ್ಟ. ಸಮುದ್ರ ಮಟ್ಟ ಎಲ್ಲ ಕಡೆ ಒಂದೇ ಥರ ಏರುವುದಿಲ್ಲ, ನೆಲವೂ ಏರಿಳಿಯುತ್ತದೆ. ರಾಜ್ಯದ ವಾಯವ್ಯ ತುದಿಯ ನಿಯಾ ಬೇ ಹತ್ತಿರ ನೆಲವೇ ನಿಧಾನವಾಗಿ ಮೇಲೆ ಬರುತ್ತಿದೆ. ಸಿಯಾಟಲ್ ಕಡೆ ಹಾಗಿಲ್ಲ. ಅದಕ್ಕೇ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2018ರಲ್ಲಿ ಕರಾವಳಿಯ ಒಂದೊಂದು ಜಾಗಕ್ಕೂ ಬೇರೆ ಬೇರೆ ಅಂದಾಜು ಕೊಟ್ಟರು. 2023ರಲ್ಲಿ ಶಾಸನಸಭೆ ಇನ್ನೊಂದು ಹೆಜ್ಜೆ ಇಟ್ಟಿತು. ದಂಡೆ ಯೋಜನೆಗಳು ಸಮುದ್ರ ಮಟ್ಟದ ಏರಿಕೆಯನ್ನೂ ಜೋರಾಗುತ್ತಿರುವ ಬಿರುಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ನಿಯಮ ಬದಲಿಸಿ ಅಂತ ಇಲಾಖೆಗೆ ಹೇಳಿತು. ಸರಿಯಾದ ಕೆಲಸವೇ. ಆದರೆ ಊರುಗಳ ತಲೆ ಮೇಲೆ ಇನ್ನೊಂದು ಹೊರೆ ಕೂತಿತು ಅನ್ನುವುದೂ ನಿಜ.

ದುಡ್ಡು ಎಲ್ಲೆಲ್ಲಿದೆ

ರಾಜ್ಯದ ಹತ್ತಿರ ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಮೂರೂ ಇಕಾಲಜಿಯ ಬಾಗಿಲಿನಿಂದಲೇ ಹೋಗುತ್ತವೆ.

ಹಳೆಯದು 1984ರಲ್ಲಿ ಹುಟ್ಟಿದ ನೆರೆ ನಿಯಂತ್ರಣ ನೆರವು ಖಾತೆ. ಊರು ಅಥವಾ ಕೌಂಟಿ ತನ್ನ ಇಡೀ ನೆರೆ ಯೋಜನೆ ಬರೆಸಲು ಇದರಿಂದ ಅನುದಾನ ಪಡೆಯಬಹುದು. ಖರ್ಚಿನಲ್ಲಿ ರಾಜ್ಯ ಕೊಡುವುದು ಹೆಚ್ಚೆಂದರೆ 75 ಪ್ರತಿಶತ, ಉಳಿದದ್ದು ಊರಿನ ಪಾಲು. ಇದು ಸಣ್ಣ ಗಂಟು. ರಾಜ್ಯದ ಬಜೆಟ್ ಬಿಗಿಯಾದ ವರ್ಷಗಳಲ್ಲಿ ಇದಕ್ಕೂ ಕತ್ತರಿ ಬಿದ್ದಿದೆ. ಹಾಗಿದ್ದರೂ ಯೋಜನೆ ಬರೆಸಬೇಕು ಅನ್ನುವ ಊರಿಗೆ ಸರಿಯಾಗಿ ಹೊಂದುವುದು ಇದೇ.

ಎರಡನೆಯದು ಫ್ಲಡ್‌ಪ್ಲೇನ್ಸ್ ಬೈ ಡಿಸೈನ್. 2013ರಿಂದ ನಡೆಯುತ್ತಿದೆ. ಇಕಾಲಜಿ, ಪ್ರಕೃತಿ ಸಂರಕ್ಷಣೆಯ ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಮತ್ತು ಪ್ಯೂಜೆಟ್ ಸೌಂಡ್ ಅನ್ನುವ ಕಡಲ ಒಳಚಾಚನ್ನು ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಪ್ಯೂಜೆಟ್ ಸೌಂಡ್ ಪಾರ್ಟ್ನರ್‌ಶಿಪ್ ಸೇರಿ ಕಟ್ಟಿದ ಕಾರ್ಯಕ್ರಮ. ದೊಡ್ಡ ಗಂಟು ಇಲ್ಲಿದೆ. 2023-25ರ ಎರಡು ವರ್ಷದ ಬಜೆಟ್‌ನಲ್ಲಿ ಇದಕ್ಕೆ ಸಿಕ್ಕಿದ್ದು 6.74 ಕೋಟಿ ಡಾಲರ್. ಊರಿನ ಪಾಲು 20 ಪ್ರತಿಶತ, ಬಡ ಊರುಗಳಿಗೆ ವಿನಾಯಿತಿ ಇದೆ. ನೀರಿನ ಅಪಾಯ ಕಡಿಮೆಯಾಗುವುದಷ್ಟೇ ಇಲ್ಲಿ ಸಾಲದು. ಮೀನಿಗೂ ಒಳ್ಳೆಯದಾಗಬೇಕು, ಸಾಧ್ಯವಾದರೆ ಹೊಲಕ್ಕೂ ಆಗಬೇಕು. ಏರಿ ಎತ್ತರಿಸಿಕೊಡಿ ಅಂತ ಸುಮ್ನೆ ಕೇಳಿದರೆ ಇಲ್ಲಿ ಅಂಕ ಬರುವುದಿಲ್ಲ. ನದಿಯ ಒಂದು ಉದ್ದನೆಯ ಪಟ್ಟಿಯನ್ನೇ ತೆಗೆದುಕೊಂಡು ಅಲ್ಲಿನ ಎಲ್ಲರೂ ಕೂತು ಮಾತಾಡಿದ್ದಾರೆ ಅನ್ನುವುದು ಕಾಣಬೇಕು.

ಮೂರನೆಯದು ದಂಡೆ ಯೋಜನೆಯ ಅನುದಾನ. ಕಡ್ಡಾಯವಾಗಿ ತಿರುಗಿ ನೋಡುವ ಕೆಲಸಕ್ಕೆ ಕೊಡುವ ದುಡ್ಡಿಗೆ ಪೈಪೋಟಿ ಇಲ್ಲ, ಊರಿನ ಪಾಲೂ ಕೇಳುವುದಿಲ್ಲ. ಸಮುದ್ರ ಏರಿಕೆಯ ಅಧ್ಯಯನದಂಥ ಹೆಚ್ಚಿನ ಕೆಲಸಕ್ಕೆ ಪೈಪೋಟಿಯ ಅನುದಾನ ಬೇರೆ ಇದೆ.

ಒಂದು ಮಾತು ಹಲವರ ಗಮನಕ್ಕೆ ಬರುವುದಿಲ್ಲ. ಯೋಜನೆ ಅನ್ನುವುದು ಮುಂದಿನ ಎಲ್ಲ ದುಡ್ಡಿಗೂ ಬೀಗದ ಕೈ. ಏರಿ ದುರಸ್ತಿಗೆ ರಾಜ್ಯದ ನೆರವು ಬೇಕಾದರೆ ಕಾನೂನು ಮೊದಲು ನಿಮ್ಮ ನೆರೆ ಯೋಜನೆ ಎಲ್ಲಿ ಅಂತ ಕೇಳುತ್ತದೆ. ಫೆಡರಲ್ ಅಂದರೆ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದಿಂದ ಮುನ್ನೆಚ್ಚರಿಕೆಯ ಕೆಲಸಕ್ಕೆ ಹಣ ಬೇಕಾದರೆ 5 ವರ್ಷಕ್ಕೊಮ್ಮೆ ಹೊಸದು ಮಾಡಿದ ಅಪಾಯ ತಗ್ಗಿಸುವ ಯೋಜನೆ ಇರಬೇಕು. ಒಳ್ಳೆಯ ಯೋಜನೆ ಇದ್ದರೆ ಜನರ ನೆರೆ ವಿಮೆಯ ಕಂತೂ ಇಳಿಯುತ್ತದೆ. ಸಿಯಾಟಲ್ ಇರುವ ಕಿಂಗ್ ಕೌಂಟಿ ಈ ದಾರಿಯಲ್ಲೇ 40 ಪ್ರತಿಶತ ರಿಯಾಯಿತಿಯ ದರ್ಜೆಗೆ ಏರಿತು. ಕಿಂಗ್ ಕೌಂಟಿಗೆ ಇದಕ್ಕೆಂದೇ ಸಿಬ್ಬಂದಿ ಇದೆ. ನಮ್ಮಂಥ ಊರಿಗೆ?

ಕಡಲ ತೀರದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಕ್ವಿನಾಲ್ಟ್ ಬುಡಕಟ್ಟಿನವರ ಟಹೋಲಾ ಅನ್ನುವ ಹಳ್ಳಿ ಇದೆ. ಒಂದು ಕಡೆ ಸಾಗರ, ಇನ್ನೊಂದು ಕಡೆ ನದಿ. ಅಲೆ ಗೋಡೆ ಹಾರಿ ಬರುತ್ತದೆ, ಸುನಾಮಿಯ ಭಯ ಬೇರೆ. ಹಳ್ಳಿಯ ಕೆಳಭಾಗವನ್ನೇ ಎತ್ತರಕ್ಕೆ ಸಾಗಿಸುವುದು ಅಂತ ಅವರು ನಿರ್ಧರಿಸಿದರು. 2017ರಲ್ಲಿ ಪೂರ್ತಿ ನೀಲನಕ್ಷೆ ಸಿದ್ಧ ಮಾಡಿಟ್ಟರು. 2022ರಲ್ಲಿ ಫೆಡರಲ್ ಸರ್ಕಾರ ಇಂಥ ಸ್ಥಳಾಂತರಕ್ಕೆ ದುಡ್ಡು ಬಿಟ್ಟಾಗ 2.5 ಕೋಟಿ ಡಾಲರ್ ಅವರಿಗೆ ಬಂತು. ಐದು ವರ್ಷ ಮೊದಲೇ ಯಾರ ಮನೆ ಎಲ್ಲಿಗೆ, ಶಾಲೆ ಎಲ್ಲಿಗೆ ಅಂತ ಕಾಗದದಲ್ಲಿ ಇತ್ತು. ದುಡ್ಡಿನ ಬಾಗಿಲು ತೆರೆಯುವುದು ಯಾವಾಗ ಅಂತ ಯಾರಿಗೂ ಗೊತ್ತಿರುವುದಿಲ್ಲ. ತೆರೆದಾಗ ಕೈಯಲ್ಲಿ ಯೋಜನೆ ಇರಬೇಕು, ಅಷ್ಟೇ.

ಅರ್ಜಿಯ ಮುಂದೆ ಕೂತಾಗ

ಈಗ ಕಷ್ಟದ ಭಾಗ. ನಮ್ಮಂಥ ಊರಿನ ಕಚೇರಿಯಲ್ಲಿ ಪೂರ್ತಿ ಹೊತ್ತು ಕೆಲಸ ಮಾಡುವವರು ಮೂರೋ ನಾಲ್ಕೋ ಜನ. ನೀರಿನ ಬಿಲ್ ತೆಗೆದುಕೊಳ್ಳುವವರೇ ಸಭೆಯ ನಡಾವಳಿ ಬರೆಯುತ್ತಾರೆ, ನಾಯಿ ಲೈಸೆನ್ಸ್ ಕೊಡುತ್ತಾರೆ, ಅನುದಾನದ ಅರ್ಜಿಯನ್ನೂ ಬರೆಯಬೇಕು. ಅರ್ಜಿ ಹಾಕುವುದು 'ಈಗಲ್' ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ. ಸಮಸ್ಯೆ ಏನು, ಯಾವ ಯಾವ ಹಂತದಲ್ಲಿ ಏನು ಮಾಡುತ್ತೀರಿ, ಒಂದೊಂದು ಹಂತಕ್ಕೂ ಎಷ್ಟು ಖರ್ಚು, ಕೊನೆಗೆ ಕೈಗೆ ಸಿಗುವುದು ಏನು, ನಿಮ್ಮ ಪಾಲು ಎಲ್ಲಿಂದ, ಯಾರ್ಯಾರ ಬೆಂಬಲ ಪತ್ರ ಇದೆ, ಎಲ್ಲವನ್ನೂ ತುಂಬಬೇಕು. ನಮ್ಮ ಕಚೇರಿಯ ಕ್ಲರ್ಕ್ ಒಂದು ಸಂಜೆ ಆರು ಗಂಟೆಗೆ ನನಗೆ ಆ ಪರದೆ ತೋರಿಸಿದರು. ಪಕ್ಕದಲ್ಲಿ ಹಳದಿ ಚೀಟಿಗಳ ಸಾಲು, ಒಂದೊಂದರಲ್ಲಿ ಒಂದೊಂದು ಪ್ರಶ್ನೆ. "ಇದು ಮೂರನೇ ವಾರ" ಅಂದರು. ಅವರ ದನಿಯಲ್ಲಿ ದೂರು ಇರಲಿಲ್ಲ, ದಣಿವು ಇತ್ತು.

ಇದರ ಮೇಲೆ ಇನ್ನೊಂದು ತೊಡಕಿದೆ. ಅನುದಾನ ಮಂಜೂರಾಯಿತು ಅಂದರೆ ದುಡ್ಡು ಖಾತೆಗೆ ಬಂತು ಅಂತ ಅಲ್ಲ. ಮೊದಲು ಊರು ಖರ್ಚು ಮಾಡಬೇಕು. ಆಮೇಲೆ ಬಿಲ್ಲು, ಕೆಲಸದ ವರದಿ ಕೊಟ್ಟು ವಾಪಸ್ ಪಡೆಯಬೇಕು. ಸಲಹಾ ಸಂಸ್ಥೆಯವರು ಈ ತಿಂಗಳ ಬಿಲ್ ಈ ತಿಂಗಳೇ ಕೇಳುತ್ತಾರೆ. ದೊಡ್ಡ ಕೌಂಟಿಗೆ ಇದು ಲೆಕ್ಕವೇ ಅಲ್ಲ. ಸಣ್ಣ ಊರು ಮಾತ್ರ ನೀರಿನ ಪೈಪಿಗೆ ಇಟ್ಟ ದುಡ್ಡಿನಿಂದ ಕೈಸಾಲ ತೆಗೆದು ಕೊಡಬೇಕಾಗುತ್ತದೆ. ಇದಕ್ಕೆ ಹೆದರಿ ಅರ್ಜಿಯನ್ನೇ ಹಾಕದ ಊರುಗಳಿವೆ. ಅಂಕಗಳ ಪಟ್ಟಿಯಲ್ಲಿ ಅವು ಕೆಳಗೂ ಕಾಣುವುದಿಲ್ಲ, ಪಟ್ಟಿಗೆ ಬಂದೇ ಇರುವುದಿಲ್ಲ. ಯಾವ ಊರು ಸೋತಿತು ಅನ್ನುವ ಲೆಕ್ಕ ಸಿಗುತ್ತದೆ. ಯಾವ ಊರು ಕೇಳಲೇ ಇಲ್ಲ ಅನ್ನುವ ಲೆಕ್ಕವನ್ನೂ ಇಡಬೇಕು ಅನ್ನುವುದು ನನ್ನ ಬೇಡಿಕೆ.

ಹಾಗಾದರೆ ಸಣ್ಣ ಊರು ಏನು ಮಾಡಬೇಕು? ಒಂದು ವಿಷಯ ನನಗೆ ತಡವಾಗಿ ಹೊಳೆಯಿತು: ಒಬ್ಬರೇ ಕೇಳಬಾರದು.

ನದಿಗೆ ಊರಿನ ಗಡಿ ಗೊತ್ತಿಲ್ಲ. 2021ರ ನವೆಂಬರ್‌ನಲ್ಲಿ ನೂಕ್‌ಸ್ಯಾಕ್ ನದಿಯಲ್ಲಿ ಆದದ್ದು ಇದೇ. ಎವರ್‌ಸನ್ ಅನ್ನುವ ಊರಿನ ಹತ್ತಿರ ನದಿ ದಂಡೆ ಮೀರಿತು. ಮೀರಿದ ನೀರು ಮುಖ್ಯ ಪಾತ್ರದ ಕಡೆ ಹೋಗಲಿಲ್ಲ, ಉತ್ತರಕ್ಕೆ ತಿರುಗಿತು. ಸುಮಾಸ್ ಊರನ್ನು ಮುಳುಗಿಸಿ ದೇಶದ ಗಡಿಯನ್ನೇ ದಾಟಿತು. ಕೆನಡಾದ ಅಬಾಟ್ಸ್‌ಫರ್ಡ್‌ನ ಸುಮಾಸ್ ಬಯಲಿಗೆ ಇಳಿಯಿತು. ಆ ಬಯಲು ಒಂದು ಕಾಲದಲ್ಲಿ ದೊಡ್ಡ ಕೆರೆ. ಸುಮಾರು ನೂರು ವರ್ಷದ ಹಿಂದೆ ಅದನ್ನು ಬತ್ತಿಸಿ ಹೊಲ ಮಾಡಿದ್ದರು. ನೀರು ತನ್ನ ಹಳೆಯ ಕೆರೆಗೇ ವಾಪಸ್ ಹೋಯಿತು. ಈಗ ಯೋಚಿಸಿ. ಎವರ್‌ಸನ್‌ನವರು ತಮ್ಮ ಊರಿನ ಮಟ್ಟಿಗೆ ಏರಿ ಎತ್ತರಿಸಿದರೆ ಕೆಳಗಿನ ಲಿಂಡನ್, ಫರ್ನ್‌ಡೇಲ್ ಕಡೆಗೆ ಜಾಸ್ತಿ ನೀರು. ಎತ್ತರಿಸದಿದ್ದರೆ ಸುಮಾಸ್‌ಗೆ, ಅಬಾಟ್ಸ್‌ಫರ್ಡ್‌ಗೆ. ಒಂದು ಊರಿನ ಪರಿಹಾರ ಇನ್ನೊಂದು ಊರಿನ ನೆರೆ. ಇದನ್ನು ಅರಿತೇ ವಾಟ್ಕಮ್ ಕೌಂಟಿಯವರು ಆ ನೆರೆಗೂ ಮೊದಲೇ ಊರುಗಳು, ರೈತರು, ಲಮ್ಮಿ ಮತ್ತು ನೂಕ್‌ಸ್ಯಾಕ್ ಬುಡಕಟ್ಟಿನವರು, ಇಲಾಖೆಗಳು ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ ನದಿಯನ್ನು ತುಂಡು ತುಂಡಾಗಿ ನೋಡಲು ಶುರು ಮಾಡಿದ್ದರು. ಎಲ್ಲ ಸಮಸ್ಯೆ ಬಗೆಹರಿದಿಲ್ಲ. ಮೇಜಾದರೂ ಇದೆ.

ಆ ಮೇಜಿನ ಹೆಸರಲ್ಲಿ ಬರೆದ ಅರ್ಜಿಗೂ ಒಂಟಿ ಊರಿನ ಅರ್ಜಿಗೂ ಬಹಳ ವ್ಯತ್ಯಾಸ. ಕೌಂಟಿ ಅರ್ಜಿದಾರ ಆಗಬಹುದು, ಲೆಕ್ಕಪತ್ರ, ಮೊದಲಿನ ಖರ್ಚು ಅವರು ನೋಡಿಕೊಳ್ಳುತ್ತಾರೆ. ಬುಡಕಟ್ಟಿನವರಿಗೆ ತಮ್ಮದೇ ಸರ್ಕಾರ ಇದೆ, ಅದೂ ನೇರವಾಗಿ ಅರ್ಜಿ ಹಾಕಬಹುದು. ಮಣ್ಣು-ನೀರು ಸಂರಕ್ಷಣೆಯ ಜಿಲ್ಲಾ ಮಂಡಳಿಗಳು ಹಾಕಬಹುದು. ಲಾಭಕ್ಕಲ್ಲದ ಸಂಸ್ಥೆಗಳೂ ಸೇರಬಹುದು. ಊರಿನ ಪಾಲನ್ನು ಯಾವಾಗಲೂ ನಗದಾಗಿಯೇ ಕೊಡಬೇಕು ಅಂತಿಲ್ಲ. ಸಿಬ್ಬಂದಿಯ ಹೊತ್ತು, ಸ್ವಯಂಸೇವಕರ ಗಂಟೆಗಳು ಲೆಕ್ಕಕ್ಕೆ ಬರುತ್ತವೆ, ಸರಿಯಾಗಿ ಬರೆದಿಟ್ಟರೆ ಮಾತ್ರ. ನಾನು ಸಭೆಯಲ್ಲಿ ಕೂತ ಎರಡು ಗಂಟೆಯನ್ನು ಹಾಳೆಯಲ್ಲಿ ಬರೆದು ಸಹಿ ಹಾಕುವುದು ಮೊದಮೊದಲು ಮುಜುಗರ ಅನ್ನಿಸುತ್ತಿತ್ತು. ಈಗ ಅದು ಊರಿಗೆ ದುಡ್ಡು ಅಂತ ಗೊತ್ತು.

ಬುಡಕಟ್ಟಿನವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅವರನ್ನು ಬೆಂಬಲ ಪತ್ರ ಕೊಡುವವರು ಅಂತ ಮಾತ್ರ ನೋಡುವ ಅಭ್ಯಾಸ ಇದೆ. ಇದು ತಪ್ಪು. ಅಮೆರಿಕ ಸರ್ಕಾರದ ಜೊತೆಗಿನ 1850ರ ದಶಕದ ಒಪ್ಪಂದಗಳು ಮೀನು ಹಿಡಿಯುವ ಹಕ್ಕನ್ನು ಅವರಿಗೇ ಉಳಿಸಿದವು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರ ತೀರ್ಪು ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದು ಅಂತ ಸ್ಪಷ್ಟ ಮಾಡಿತು. ನದಿ ಬಯಲನ್ನು ಹೇಗೆ ಬಳಸುತ್ತೇವೆ ಅನ್ನುವುದು ಮೀನು ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ನಿರ್ಧರಿಸುತ್ತದೆ. ಹಾಗಾಗಿ ಅವರು ಮೊದಲ ಸಭೆಗೇ ಬರಬೇಕು, ಕೊನೆಯ ಸಹಿಗೆ ಅಲ್ಲ. ಪೋರ್ಟ್ ಏಂಜಲೀಸ್‌ನ ದಂಡೆಯಲ್ಲಿ 2003ರಲ್ಲಿ ರಾಜ್ಯ ಒಂದು ದೊಡ್ಡ ಕಾಮಗಾರಿಗೆ ನೆಲ ಅಗೆದಾಗ ಲೋವರ್ ಎಲ್ವಾ ಕ್ಲಾಲಮ್ ಜನರ ಪುರಾತನ ಹಳ್ಳಿ, ಅವರ ಹಿರಿಯರ ಸಮಾಧಿಗಳು ಸಿಕ್ಕವು. ಕೋಟಿಗಟ್ಟಲೆ ಡಾಲರ್ ಖರ್ಚಾದ ಮೇಲೆ ಕೆಲಸ ಕೈಬಿಡಬೇಕಾಯಿತು. ದುಡ್ಡಿಗಿಂತ ದೊಡ್ಡ ನೋವು ಆ ಜನರದು. ದಂಡೆಯೆಂದರೆ ಜನ ಸಾವಿರಾರು ವರ್ಷ ಬಾಳಿದ ಜಾಗ. ಅದನ್ನು ಅವರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ?

ಸಣ್ಣವರು ಸೇರಿ ಮಾಡಿದ ಕೆಲಸಕ್ಕೆ ಧೈರ್ಯ ಕೊಡುವ ಉದಾಹರಣೆ ಪೆಸಿಫಿಕ್ ಕೌಂಟಿಯ ನಾರ್ತ್ ಕೋವ್. ಅಲ್ಲಿನ ತೀರಕ್ಕೆ ಜನ ಇಟ್ಟ ಹೆಸರೇ 'ವಾಷ್‌ಅವೇ ಬೀಚ್', ಕೊಚ್ಚಿಹೋಗುವ ತೀರ. ನೂರು ವರ್ಷಕ್ಕೂ ಮೇಲೆ ವರ್ಷಕ್ಕೆ ಸರಾಸರಿ ನೂರು ಅಡಿಯ ಹಾಗೆ ಸಮುದ್ರ ಅಲ್ಲಿನ ನೆಲ ತಿಂದಿದೆ. ಮನೆಗಳು, ಲೈಟ್‌ಹೌಸ್, ಎಲ್ಲ ಹೋದವು. ಒಳಗಡೆ ಕ್ರಾನ್‌ಬೆರಿ ತೋಟಗಳಿವೆ, ಶೋಲ್‌ವಾಟರ್ ಬೇ ಬುಡಕಟ್ಟಿನ ನೆಲ ಇದೆ. ಕೆಲವು ವರ್ಷದ ಹಿಂದೆ ಊರಿನವರೇ ಸೇರಿ ತೀರಕ್ಕೆ ಉರುಟು ಕಲ್ಲು ಸುರಿಯಲು ಶುರು ಮಾಡಿದರು. ಗೋಡೆ ಕಟ್ಟಲಿಲ್ಲ. ಅಲೆ ಬಂದಾಗ ಉರುಳಿ, ಸರಿದು, ಮತ್ತೆ ಕೂರುವಂಥ ಕಲ್ಲಿನ ದಿಬ್ಬ ಮಾಡಿದರು. ಅಲೆಯ ಜೋರು ಅಲ್ಲೇ ಸತ್ತು ಮರಳು ನಿಲ್ಲಲು ಶುರುವಾಯಿತು. ಅದನ್ನು ನೋಡಿ ರಾಜ್ಯದವರು ಅಳತೆ ಮಾಡಲು ಬಂದರು, ಅನುದಾನ ಬಂತು, ಕೆಲಸ ದೊಡ್ಡದಾಯಿತು. ವರ್ಷ ವರ್ಷ ಅಳೆದ ತೀರದ ಲೆಕ್ಕ ಅವರ ಮುಂದಿನ ಅರ್ಜಿಗಳಿಗೆ ಆಧಾರ. ಬರೀ 'ನಮಗೆ ಕಷ್ಟ' ಅಂದರೆ ಸಾಲದು. ಎಷ್ಟು ಅಡಿ, ಯಾವ ತಿಂಗಳು, ಯಾವ ಜಾಗ ಅಂತ ಹೇಳಬೇಕು.

ಸಮಯದ ಮಾತು ಮುಖ್ಯ. ರಾಜ್ಯದ ಬಜೆಟ್ ಎರಡು ವರ್ಷದ್ದು. ಬೆಸ ಸಂಖ್ಯೆಯ ವರ್ಷದ ಜುಲೈ 1ಕ್ಕೆ ಶುರು. ಫ್ಲಡ್‌ಪ್ಲೇನ್ಸ್ ಬೈ ಡಿಸೈನ್‌ಗೆ ಅದರ ಹಿಂದಿನ ವರ್ಷವೇ ಮೊದಲು ಒಂದು ಚಿಕ್ಕ ಪ್ರಸ್ತಾವ, ಅದು ಮೆಚ್ಚುಗೆಯಾದರೆ ಪೂರ್ತಿ ಅರ್ಜಿ. ಇಲಾಖೆ ಅಂಕ ಹಾಕಿ ಪಟ್ಟಿ ಮಾಡುತ್ತದೆ. ಪಟ್ಟಿ ಶಾಸನಸಭೆಗೆ ಹೋಗುತ್ತದೆ. ಎಷ್ಟನೇ ಹೆಸರಿನವರೆಗೆ ದುಡ್ಡು ಅನ್ನುವುದನ್ನು ಅವರು ತೀರ್ಮಾನಿಸುತ್ತಾರೆ. ಅಂದರೆ ಮೊದಲ ಕಾಗದದಿಂದ ಮೊದಲ ಡಾಲರ್‌ವರೆಗೆ ಒಂದು ವರ್ಷಕ್ಕಿಂತ ಜಾಸ್ತಿ. ಈ ಚಳಿಗಾಲದ ನೆರೆ ನೋಡಿ ಎಚ್ಚೆತ್ತ ಊರು ಮುಂದಿನ ಚಳಿಗಾಲಕ್ಕೂ ಬರಿಗೈಯಲ್ಲೇ ಇರುತ್ತದೆ. ಮೊದಲ ಪ್ರಸ್ತಾವಕ್ಕೂ ಮುಂಚೆಯೇ ಇಲಾಖೆಯ ಪ್ರಾದೇಶಿಕ ಸಿಬ್ಬಂದಿಗೆ ಫೋನ್ ಮಾಡಿ, ದಂಡೆಗೆ ಕರೆಯಿರಿ. ಜಾಗವನ್ನು ಕಣ್ಣಾರೆ ನೋಡಿದವರು ಕೊಡುವ ಸಲಹೆಯೇ ಬೇರೆ.

ಇದೆಲ್ಲ ಈಗ ಯಾಕೆ ತುರ್ತು ಅಂದರೆ, ಫೆಡರಲ್ ದುಡ್ಡಿನ ಮೇಲಿನ ಭರವಸೆ ಅಲುಗಾಡಿದೆ. 2025ರ ಏಪ್ರಿಲ್‌ನಲ್ಲಿ ಫೀಮಾ ತನ್ನ ಬ್ರಿಕ್ ಅನ್ನುವ ಮುನ್ನೆಚ್ಚರಿಕೆ ಅನುದಾನವನ್ನೇ ನಿಲ್ಲಿಸುವುದಾಗಿ ಹೇಳಿತು. ವಾಷಿಂಗ್ಟನ್ ಸೇರಿ 20 ರಾಜ್ಯಗಳು ಕೋರ್ಟಿಗೆ ಹೋದವು, ಆದೇಶ ರಾಜ್ಯಗಳ ಪರವಾಗಿ ಬಂತು. ಆದರೆ ಆ ನಡುವೆ ಹೋದ ತಿಂಗಳುಗಳು ವಾಪಸ್ ಬರುವುದಿಲ್ಲ. ಅದೇ ಏಪ್ರಿಲ್‌ನಲ್ಲಿ, 2024ರ ನವೆಂಬರ್‌ನ ಭಾರಿ ಬಿರುಗಾಳಿಗೆ ರಾಜ್ಯ ಕೇಳಿದ್ದ ವಿಪತ್ತು ನೆರವನ್ನೂ ನಿರಾಕರಿಸಿದರು. ಇತ್ತ ರಾಜ್ಯದ ಬಜೆಟ್‌ನಲ್ಲೂ 2025ರಲ್ಲಿ ದೊಡ್ಡ ಕೊರತೆ. ಇಂಥ ಹೊತ್ತಲ್ಲಿ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಕೆಲಸಕ್ಕೆ. ಯೋಜನೆಗೆ ಕೊಡುವ ಸಣ್ಣ ಅನುದಾನ ಅಂಥದ್ದು, ಅಲ್ವಾ? ಫೆಡರಲ್ ಮುನ್ನೆಚ್ಚರಿಕೆ ಅನುದಾನದ ಒಂದು ಡಾಲರ್ ಮುಂದೆ ಆರು ಡಾಲರ್ ನಷ್ಟ ತಪ್ಪಿಸುತ್ತದೆ ಅಂತ ಅಮೆರಿಕದ ರಾಷ್ಟ್ರೀಯ ಕಟ್ಟಡ ವಿಜ್ಞಾನ ಸಂಸ್ಥೆ ಲೆಕ್ಕ ಹಾಕಿದೆ. ಆದರೆ ಆ ಆರು ಡಾಲರ್ ಉಳಿದದ್ದು ಯಾವ ಬಜೆಟ್ ಪುಸ್ತಕದಲ್ಲೂ ಕಾಣುವುದಿಲ್ಲ.

ರಾಜ್ಯದಿಂದ ನಾನು ಕೇಳುವುದು ಎರಡು. ಸಣ್ಣ ಊರುಗಳಿಗೆ ಅರ್ಜಿ ಬರೆದುಕೊಡುವ ಜನರನ್ನು ರಾಜ್ಯವೇ ಸಂಬಳ ಕೊಟ್ಟು ಕಣಿವೆಗೊಬ್ಬರಂತೆ ಇಡಲಿ. ಮತ್ತೆ ಯೋಜನೆಯ ಅನುದಾನದಲ್ಲಿ ಒಂದು ಭಾಗವನ್ನಾದರೂ ಮುಂಗಡ ಕೊಡಲಿ. ಎರಡಕ್ಕೂ ಬೇಕಾಗುವುದು ಒಂದು ಏರಿ ಕಟ್ಟುವ ದುಡ್ಡಿನ ಚೂರು ಮಾತ್ರ. ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಆಗುವುದನ್ನು ನಾವು ಮಾಡಬೇಕು.

ಈ ಚಳಿಗಾಲ ನೀರು ಬಂದಾಗ ನಮ್ಮ ಆಯೋಗದ ಏಳು ಜನರೂ ಒಂದೊಂದು ರಸ್ತೆ ಹಂಚಿಕೊಂಡಿದ್ದೇವೆ. ಸುರಕ್ಷಿತವಾದ ಕಡೆ ನಿಂತು ಫೋಟೋ ತೆಗೆಯುವುದು. ಪಕ್ಕದಲ್ಲಿ ದಿನ, ಗಂಟೆ, ಆ ಹೊತ್ತಿಗೆ ಸೇತುವೆಯ ಮಾಪಕ ಎಷ್ಟು ಅಡಿ ತೋರಿಸುತ್ತಿತ್ತು ಅಂತ ಬರೆಯುವುದು. ನೀರು ಇಳಿದ ಮರುದಿನ ಬೇಲಿ ಕಂಬಗಳ ಮೇಲೆ ಕೆಸರು ನಿಂತ ಎತ್ತರ ಅಳೆಯುವುದು. ನನ್ನ ಪಾಲಿಗೆ ಬಂದದ್ದು ಹಳೆಯ ಶಾಲೆಯ ಪಕ್ಕದ ರಸ್ತೆ. ಕಾರಿನಲ್ಲಿ ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು, ನೀರಿಗೆ ಅಳಿಸದ ಪೆನ್ನು ಇಟ್ಟುಕೊಂಡಿದ್ದೇನೆ. ನಮ್ಮ ಕ್ಲರ್ಕ್ 'ಸಮಸ್ಯೆಯ ವಿವರ' ಅನ್ನುವ ಮೊದಲ ಕಾಲಂ ಅನ್ನು ಈ ಸಲ ಖಾಲಿ ಬಿಟ್ಟಿದ್ದಾರೆ. ಅದನ್ನು ಈ ಅಳತೆಗಳಿಂದಲೇ ತುಂಬುತ್ತಾರಂತೆ.